ಕಾಪುವಿನ ಮೇಲೆ ಕಾರ್ಕಳಕ್ಕೆ

ಉಡುಪಿಯಿಂದ ಕಾರ್ಕಳಕ್ಕೆ ಮಣಿಪಾಲ, ಹಿರಿಯಡ್ಕಗಳ ಮೇಲೆ ನೇರ ಮಾರ್ಗವಿದೆ. ಆದರೂ ನಾವು ಕಡಲ ಬದಿಯಿಂದ ಸುತ್ತಿ ಹೋದೆವು. ಕಾಪುವಿನಲ್ಲಿರುವ ಚಿಕ್ಕಮ್ಮನನ್ನು ಕಾಣದೆ ಮುಂದೆ ಸಾಗುವುದು ಉಚಿತವಲ್ಲವಷ್ಟೆ! ಅಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ. ಅದರ ಬುಡದಲ್ಲಿ ತೆರೆಗಳ ಆಟ. ಮೊಮ್ಮಕ್ಕಳನ್ನು ನೀರಿನಿಂದ ಎಬ್ಬಿಸುವುದರೊಳಗೆ ಹೊತ್ತು ನೆತ್ತಿಗೇರಿತು.

ಪಡುಬಿದ್ರಿಯಲ್ಲಿ ಮೂಡಲಿಗೆ ತಿರುಗಿ ಬೆಳ್ಮಣ್ಣನ್ನು ದಾಟಿದೆವು. ಕಾರ್ಕಳದ ಬೆಟ್ಟದ ಮೇಲೆ, 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಬಾಹುಬಲಿ. ವಾಚಕರು ಅದನ್ನಷ್ಟೇ ನೋಡಿ ಹಿಂದಿರುಗಬಾರದು. ಇದಿರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿಯಿದೆ. ನಾಲ್ಕು ಬಾಗಿಲುಗಳಲ್ಲಿ ಯಾವುದರಿಂದ ಹೊಕ್ಕರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನವಾಗುವುದು. ನನ್ನ ಮಟ್ಟಿಗೆ ಇದೇ ಹೆಚ್ಚು ಮನೋಹರ.

ಸಂಜೆಗೆ ಅಕ್ಕನ ಮನೆಯನ್ನು ಸೇರಿದೆವು. ಎಪ್ಪತ್ತೆಂಟು ವರ್ಷದ ಅವಳು ಬರುವ ಮಳೆಗಾಲಕ್ಕೆ ಮೊದಲೇ ಈ ಮನೆಗೆ ಬೀಗವಿಕ್ಕಿ ಮಗನೊಡನೆ ಬೆಂಗಳೂರಿಗೆ ಹೊರಡುವವಳು. ಈ ಸುದ್ದಿಯೇ ನಮ್ಮನ್ನು ಇಷ್ಟು ದೂರ ಎಳೆದು ತಂದುದು. ಮೊಮ್ಮಕ್ಕಳಿಗೆ ಅಟ್ಟ, ಬಾವಿ, ಮದುವೆಯಾಗಿ ಬಂದ ವರ್ಷ ತಾನು ನೆಟ್ಟ ಹಲಸಿನ ಮರ, ಎಲ್ಲವನ್ನೂ ಕೈಹಿಡಿದು ತೋರಿಸಿದಳು.

ಬೆಳಗ್ಗೆ ಹೊರಡುವಾಗ ಕಿರಿಯವನು, “ಅಜ್ಜೀ, ಇನ್ನು ಈ ಹಲಸು ಯಾರಿಗೆ?” ಎಂದನು. ಅಕ್ಕನು ಉತ್ತರವೀಯದೆ ಅವನ ಕೈಯಲ್ಲಿ ಹಪ್ಪಳದ ಕಟ್ಟೊಂದನ್ನು ಇಟ್ಟಳು.