ಪಂಪ್ ಸರಿಯಾಗಿಯೇ ಇತ್ತು

ಬಿ.ಇಡಿ. ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಸಕಲೇಶಪುರದ ನಮ್ಮ ಮನೆಯಿಂದಲೇ ಹೋಗಿಬರಬಹುದಾದ ಒಂದು ಪ್ರೌಢಶಾಲೆ. ಹತ್ತನೇ ತರಗತಿಗೆ ‘ವಿದ್ಯುಚ್ಛಕ್ತಿ’ ಪಾಠ ನನ್ನ ಪಾಲಿಗೆ ಬಂದಿತ್ತು. ಅದೇ ತಿಂಗಳು ಬೆಂಗಳೂರಿನ ಭಾವ ಮನೆ ಬದಲಿಸಿದರು. ವರ್ಷಗಟ್ಟಲೆ ಮೂಲೆಯಲ್ಲಿ ಕೆಟ್ಟು ಕೂತಿದ್ದ ಎಸ್ಪ್ರೆಸೊ ಯಂತ್ರವನ್ನು, “ನೀನು ಫಿಸಿಕ್ಸ್ ಓದಿದವನು, ಏನಾದ್ರೂ ಆಗುತ್ತಾ ನೋಡು” ಎಂದು ನಮ್ಮ ಮನೆಗೆ ಕಳಿಸಿದರು. ಶಾಲೆಯ ಕೆಲಸಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನಗೆ ಆಗ ಅನ್ನಿಸಿರಲಿಲ್ಲ.

ನಮ್ಮ ಕಡೆ ಎಸ್ಪ್ರೆಸೊ ಎಂದರೆ ಮದುವೆ ಮನೆಯಲ್ಲಿ ಹಬೆ ಬಿಟ್ಟು ಹಾಲು ನೊರೆಯುಕ್ಕಿಸಿ ಕೊಡುವ ಕಾಫಿ. ಇಟಲಿಯವರದು ಬೇರೆ. ನುಣ್ಣನೆಯ ಕಾಫಿಪುಡಿಯನ್ನು ಒತ್ತಿ ಬಿಲ್ಲೆಯಂತೆ ಮಾಡಿ, 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ಅದರ ಮೂಲಕ ಹಾಯಿಸುತ್ತಾರೆ. ಸುಮಾರು 90 ಮೀಟರ್ ಎತ್ತರದ ನೀರಿನ ಕಂಬ ತನ್ನ ತಳದಲ್ಲಿ ಹಾಕುವ ಒತ್ತಡ ಅದು. 1884ರಲ್ಲಿ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರಗಳು ಹಬೆಯ ಬಲವನ್ನೇ ನೆಚ್ಚಿಕೊಂಡಿದ್ದವು. ಅಷ್ಟು ಒತ್ತಡ ಅವುಗಳಿಂದ ಬರುತ್ತಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಅಕಿಲೆ ಗಾಜ್ಜಾ ಅವರ ಸನ್ನೆಯ ಯಂತ್ರ ಬಂತು. 1961ರ ಫಯೇಮಾ ಇ61ರಲ್ಲಿ ಆ ಕೆಲಸವನ್ನು ವಿದ್ಯುತ್ ಪಂಪ್ ವಹಿಸಿಕೊಂಡಿತು. ಭಾವನ ಯಂತ್ರವೂ ಪಂಪಿನದೇ, ಆದರೆ ಮನೆಬಳಕೆಯ ಚಿಕ್ಕದು. ಮುಂಭಾಗದಲ್ಲಿ ಒಂದು ಸಣ್ಣ ಒತ್ತಡಮಾಪಕವಿತ್ತು.

ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ ನೋಡಿದೆ. ಬೆಂಗಳೂರಿನ ಬೋರ್‌ವೆಲ್ ನೀರು ಕುದಿದು ಕುದಿದು ಬಾಯ್ಲರಿನ ಒಳಗೋಡೆಗೆ ಸುಣ್ಣದಂಥ ಬಿಳಿ ಪದರ ಕಟ್ಟಿತ್ತು. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ನೀರಿಗೆ ಹಾಕಿ ನೆನೆಸಿದೆ. ಕಾರ್ಬೊನೇಟ್ ಆಮ್ಲದೊಂದಿಗೆ ಸೇರಿ ಗುಳ್ಳೆ ಬಿಟ್ಟಿತು. ಮಕ್ಕಳಿಗೆ ಪಾಠ ಮಾಡಿದ್ದ ಕ್ರಿಯೆ ಅಮ್ಮನ ಅಡುಗೆಮನೆಯಲ್ಲೇ ನಡೆಯುತ್ತಿದ್ದುದನ್ನು ಕಂಡು ಖುಷಿಯಾಯಿತು. ಹಿಡಿಕೆ ಕೂರುವ ಜಾಗದ ರಬ್ಬರ್ ಗ್ಯಾಸ್ಕೆಟ್ ಬಿಸಿಗೆ ಕಲ್ಲಿನಂತಾಗಿತ್ತು. ಅದನ್ನು ಚೂರುಚೂರಾಗಿ ಕೆತ್ತಿ ತೆಗೆದು ಹೊಸದನ್ನು ಕೂರಿಸಿದೆ. ಸೋರುವುದು ನಿಂತಿತು.

ಆದರೂ ಕಾಫಿ ಬರಲಿಲ್ಲ. ಬಂದದ್ದು ಕಂದು ನೀರು. ಎಂಟೇ ಸೆಕೆಂಡಿಗೆ ಲೋಟ ಅರ್ಧ ತುಂಬುತ್ತಿತ್ತು. ಮಾಪಕದ ಮುಳ್ಳು 2 ದಾಟುತ್ತಿರಲಿಲ್ಲ. ಒತ್ತಡ ಇಲ್ಲ, ಒತ್ತಡ ಕೊಡುವುದು ಪಂಪ್, ಹಾಗಾಗಿ ಪಂಪ್ ಹೋಗಿದೆ ಎಂದು ತೀರ್ಮಾನಿಸಿದೆ. ತರಿಸಿದ ಹೊಸ ಪಂಪಿಗೆ 2,000 ರೂಪಾಯಿಗೂ ಹೆಚ್ಚಾಯಿತು. ಸಂಬಳವಿಲ್ಲದ ಪ್ರಶಿಕ್ಷಣಾರ್ಥಿಗೆ ಅದು ಸಣ್ಣ ಮೊತ್ತವಲ್ಲ. ಜೋಡಿಸಿ ಚಾಲೂ ಮಾಡಿದೆ. ಮುಳ್ಳು ಮತ್ತೆ 2ಕ್ಕೇ ನಿಂತಿತು. “ಇದರ ಬದಲು ಒಂದು ಒಳ್ಳೆ ಫಿಲ್ಟರ್ ತಂದಿದ್ದರೆ ಮನೆಮಂದಿಗೆಲ್ಲ ಕಾಫಿ ಆಗ್ತಿತ್ತು” ಎಂದು ಅಮ್ಮ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಅದೇ ವಾರ ಘಟಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದೆ. ಒಂದು ಬ್ಯಾಟರಿಗೆ ಒಂದು ರೋಧಕ ಜೋಡಿಸಲಾಗಿದೆ, ಅಂಥದ್ದೇ ಇನ್ನೊಂದನ್ನು ಸರಣಿಯಲ್ಲಿ ಸೇರಿಸಿದರೆ ವಿದ್ಯುತ್ಪ್ರವಾಹ ಏನಾಗುತ್ತದೆ ಎಂಬ ಪ್ರಶ್ನೆಗೆ ಎರಡನೇ ಬೆಂಚಿನ ಹುಡುಗಿಯೊಬ್ಬಳು, “ಬದಲಾಗುವುದಿಲ್ಲ, ಏಕೆಂದರೆ ಬ್ಯಾಟರಿ ಅದೇ” ಎಂದು ಬರೆದಿದ್ದಳು. ಇನ್ನೂ ಹಲವರದು ಅದೇ ಉತ್ತರ. ಎಲ್ಲರ ಹಾಳೆಯ ಮೇಲೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಓಮ್‌ನ ನಿಯಮ ನೋಡಿ’ ಎಂದು ಬರೆದೆ. ಮರುದಿನ ಅದೇ ಚಾರ್ಟ್ ತೂಗುಹಾಕಿ, ಅದೇ ಸೂತ್ರವನ್ನು ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಬರೆದು, ಅದೇ ಪಾಠವನ್ನು ಇನ್ನಷ್ಟು ನಿಧಾನವಾಗಿ ಮಾಡಿದೆ. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಎರಡೇ ಸಾಲು ಬರೆದರು: “ಪರಿಹಾರ ಬೋಧನೆ ಆಗಿದೆ. ನೈದಾನಿಕ ಪರೀಕ್ಷೆ ಎಲ್ಲಿ?” ಓದಿ ನನಗೆ ಸ್ವಲ್ಪ ಬೇಸರವೇ ಆಯಿತು. ಘಟಕ ಪರೀಕ್ಷೆ ಮಾಡಿದ್ದೆನಲ್ಲ ಎಂದುಕೊಂಡೆ.

ಶನಿವಾರ ಕಾಫಿಪುಡಿ ಅಂಗಡಿಗೆ ಹೋದೆ. ಎಂದಿನಂತೆ ಕಾಲು ಕೆ.ಜಿ. ಪುಡಿ, ಚಿಕೋರಿ ಬೇಡ ಎಂದೆ. ಅಂಗಡಿಯವರು ಬೀಜ ತೂಗುತ್ತ, “ಯಾವುದಕ್ಕೆ ಹಾಕೋದು ಈ ಪುಡಿ?” ಎಂದು ಕೇಳಿದರು. ನಾನು ಯಂತ್ರದ ವಿಷಯ ಹೇಳಿದೆ.

“ಹಂಗಾದ್ರೆ ಫಿಲ್ಟರ್ ಪುಡಿ ಯಾಕೆ ಒಯ್ತೀರಿ ಮೇಷ್ಟ್ರೇ? ನೀರು ತಡೀಬೇಕಲ್ಲ.”

ಅವರು ಗಿರಣಿ ಬಿಗಿ ಮಾಡಿ ನುಣ್ಣಗೆ ಬೀಸಿಕೊಟ್ಟರು. ಮನೆಗೆ ಬಂದವನು ಹೊಸ ಪುಡಿಯನ್ನು ಬದಿಗಿಟ್ಟು ಮೊದಲು ಇನ್ನೊಂದು ಕೆಲಸ ಮಾಡಿದೆ. ಹಳೆಯ ಪಂಪನ್ನೇ ಮತ್ತೆ ಜೋಡಿಸಿದೆ. ಪುಡಿ ಹಾಕುವ ಬಟ್ಟಲಿನ ಅಳತೆಗೆ ರಬ್ಬರ್ ತುಂಡೊಂದನ್ನು ಕತ್ತರಿಸಿ ತೂತುಗಳನ್ನು ಮುಚ್ಚಿ, ಕೆಲವೇ ಸೆಕೆಂಡು ಚಾಲೂ ಮಾಡಿದೆ. ಮುಳ್ಳು 10 ದಾಟಿತು. ಹಿಡಿಕೆಯನ್ನೇ ತೆಗೆದು ಚಾಲೂ ಮಾಡಿದಾಗ ನೀರು ಧಾರಾಳವಾಗಿ ಸುರಿಯಿತು, ಮುಳ್ಳು ಅಲುಗಲಿಲ್ಲ. ಪಂಪ್ ಅದೇ. ಎದುರಿಗೆ ತಡೆ ಇದ್ದರೆ ಒತ್ತಡ, ಇಲ್ಲದಿದ್ದರೆ ಇಲ್ಲ. ಪಂಪ್ ಸರಿಯಾಗಿಯೇ ಇತ್ತು.

ಆ ಹುಡುಗಿಯ ಉತ್ತರ ನೆನಪಾದದ್ದು ಆಗಲೇ. ಬ್ಯಾಟರಿ ಅದೇ ಆದ್ದರಿಂದ ಪ್ರವಾಹವೂ ಅದೇ ಎಂದು ಅವಳು ಬರೆದಿದ್ದಳು. ಒತ್ತಡ ಕೊಡುವುದು ಪಂಪ್, ಒತ್ತಡವಿಲ್ಲದಿದ್ದರೆ ಪಂಪೇ ಕೆಟ್ಟಿದೆ ಎಂದು ನಾನು ಅಂದುಕೊಂಡಿದ್ದೆ. ಮೂಲ ಮತ್ತು ತಡೆ ಎರಡೂ ಸೇರಿ ನಿರ್ಧರಿಸುವುದನ್ನು ನಾವಿಬ್ಬರೂ ಮೂಲವೊಂದರ ತಲೆಗೇ ಕಟ್ಟಿದ್ದೆವು. ಅವಳು ಒಂದು ಅಂಕ ಕಳೆದುಕೊಂಡಳು, ನಾನು 2,000 ರೂಪಾಯಿ. ಓಮ್‌ನ ನಿಯಮ ನನಗೆ ಗೊತ್ತಿತ್ತು. ಅದನ್ನು ನೋಡು ಎಂದು ನನಗೆ ಯಾರಾದರೂ ಹೇಳಿದ್ದರೆ ಪಂಪ್ ಕೊಳ್ಳುವುದನ್ನು ಬಿಡುತ್ತಿದ್ದೆನೇ? ಇಲ್ಲ. ನನ್ನನ್ನು ನಿಲ್ಲಿಸಿದ್ದು ಅಂಗಡಿಯವರ ಪ್ರಶ್ನೆ.

ಸೋಮವಾರ ಪಾಠಕ್ಕೆ ಮೊದಲು ಅವಳನ್ನು ಕೇಳಿದೆ, “ಬ್ಯಾಟರಿ ಅದೇ ಅಂತ ಬರೆದಿದ್ದೀಯಲ್ಲ, ಬ್ಯಾಟರಿ ಏನು ಮಾಡುತ್ತೆ ಅಂದುಕೊಂಡಿದ್ದೀಯ?” ಅವಳು ತಡೆದು ತಡೆದು ಹೇಳಿದಳು: “ಅದರೊಳಗೆ ಕರೆಂಟ್ ಇರುತ್ತೆ ಸರ್. ಅಷ್ಟನ್ನೂ ಹೊರಗೆ ಕಳಿಸುತ್ತೆ.” ಎರಡು ತರಗತಿ ತೆಗೆದುಕೊಂಡರೂ ನನಗೆ ಗೊತ್ತಾಗದಿದ್ದ ವಿಷಯ ಇದು. ಬ್ಯಾಟರಿಯನ್ನು ಅವಳು ನೀರಿನ ಟ್ಯಾಂಕಿನಂತೆ ಕಲ್ಪಿಸಿಕೊಂಡಿದ್ದಳು. ನನ್ನ ಚಾರ್ಟಿನಲ್ಲಿ ಆ ಕಲ್ಪನೆಯನ್ನು ಮುಟ್ಟುವ ಒಂದು ಗೆರೆಯೂ ಇರಲಿಲ್ಲ.

ಆ ದಿನ ಸೂತ್ರ ಬರೆಯಲಿಲ್ಲ. ಎರಡು ಶುಷ್ಕಕೋಶ, 10 ಓಮ್‌ನ ಎರಡು ರೋಧಕ, ಒಂದು ಅಮ್ಮೀಟರ್ ಇಟ್ಟೆ. ಬಲ್ಬ್ ಬಳಸಲಿಲ್ಲ, ಅದರ ತಂತಿ ಬಿಸಿಯಾದಂತೆ ರೋಧ ಬದಲಾಗಿ ಲೆಕ್ಕ ಗೊಂದಲವಾಗುತ್ತದೆ. ಸ್ವಿಚ್ ಒತ್ತುವ ಮೊದಲು ಮುಳ್ಳು ಎಲ್ಲಿ ನಿಲ್ಲುತ್ತದೆ, ಏಕೆ ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕಿತ್ತು. ಒಂದು ರೋಧಕಕ್ಕೆ 0.3 ಆಂಪಿಯರ್‌ಗಿಂತ ತುಸು ಕಡಿಮೆ ತೋರಿಸಿತು. ಎರಡನೆಯದನ್ನು ಸರಣಿಯಲ್ಲಿ ಸೇರಿಸಿದಾಗ ಮುಳ್ಳು ಸುಮಾರು ಅರ್ಧಕ್ಕೆ ಇಳಿಯಿತು. ಹಿಂದಿನ ಬೆಂಚಿನಿಂದ ಒಬ್ಬ, “ಸರ್, ಶೆಲ್ ಡೌನ್ ಆಗಿರಬೇಕು” ಎಂದ. ನನ್ನ ಪಂಪಿನ ವಾದವೇ ಅದು! ಎರಡನೆಯ ರೋಧಕವನ್ನು ತೆಗೆದು ತೋರಿಸಿದೆ. ಮುಳ್ಳು ಮೇಲೆ ಹೋಯಿತು. ಆಗ ಅವರಿಗೆ ಪಂಪಿನ ಕಥೆ ಹೇಳಿದೆ. ನಕ್ಕರು. ಈ ಹೋಲಿಕೆ ಒಂದು ಮಿತಿಯವರೆಗೆ ಮಾತ್ರ, ಒತ್ತಡವೂ ಪ್ರವಾಹವೂ ಒಂದೇ ಅಲ್ಲ ಎಂದೂ ಹೇಳಿದೆ.

ಎಲ್ಲರಿಗೂ ಅರ್ಥವಾಯಿತು ಎನ್ನಲಾರೆ. ವಾರದ ಕೊನೆಗೆ ಸಮಾಂತರ ಜೋಡಣೆಯ ಪ್ರಶ್ನೆ ಕೊಟ್ಟಾಗ ಅದೇ ಹುಡುಗಿ ಮತ್ತೆ ತಪ್ಪು ಬರೆದಳು. ಈ ಸಲ ಕೆಂಪು ಪೆನ್ನು ತೆಗೆಯುವ ಮೊದಲು ಅವಳ ಬಳಿ ಹೋಗಿ ಕೂತೆ.

ಮನೆಯಲ್ಲಿ ಪುಡಿಯನ್ನು ಇನ್ನೆರಡು ಸಲ ಬದಲಿಸಬೇಕಾಯಿತು. ಒಮ್ಮೆ ತೀರಾ ನುಣ್ಣಗಾಗಿ ಹನಿಯೂ ಇಳಿಯಲಿಲ್ಲ. ಈಗ 18 ಗ್ರಾಂ ಪುಡಿಗೆ 27 ಸೆಕೆಂಡಿನಲ್ಲಿ 36 ಗ್ರಾಂ ಡಿಕಾಕ್ಷನ್ ಇಳಿಯುತ್ತದೆ, ಮುಳ್ಳು 9ರ ಹತ್ತಿರ ನಿಲ್ಲುತ್ತದೆ. ಅಮ್ಮ ಅದಕ್ಕೆ ಲೋಟದ ತುಂಬ ಹಾಲು ಬೆರೆಸಿ ಕುಡಿಯುತ್ತಾರೆ. ಕೆಲಸ ಮಾಡುತ್ತಿರುವುದು ಹಳೆಯ ಪಂಪೇ. ಹೊಸದು ಡಬ್ಬಿಯಲ್ಲಿ ನನ್ನ ಪಾಠ ಯೋಜನೆಯ ಕಡತಗಳ ಪಕ್ಕದಲ್ಲಿದೆ.