ಪ್ರಶ್ನೆಗೆ ಬಂದ ಹಣ

ಅನುದಾನ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಕಡೆಯ ಜನರಿಗೆ ಮೊದಲು ನೆನಪಾಗುವುದು ಪಂಚಾಯಿತಿಯ ಚರಂಡಿ, ಆಮೇಲೆ ಸಮುದಾಯ ಭವನ. ಮೇಲಿನಿಂದ ಹೊರಟದ್ದು ಕೆಳಗೆ ತಲುಪುವಷ್ಟರಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕಾಚಾರ ಅದರ ಬೆನ್ನಿಗೇ ಬರುತ್ತದೆ. ಶಾಲೆಗೆ ಹೋಗುವ ಹುಡುಗಿಯೊಬ್ಬಳಿಗೆ 'ನಿನಗೆ ಹೊಳೆದದ್ದನ್ನು ಮಾಡಿ ನೋಡು' ಎಂದು ಸರ್ಕಾರ ಹಣ ಕೊಡುತ್ತದೆ ಎಂದರೆ ನಂಬುವವರು ಕಡಿಮೆ. ಪೋಷಕರ ಸಭೆಯಲ್ಲಿ ನಾನು ಈ ವಿಷಯ ಎತ್ತಿದಾಗಲೆಲ್ಲ ಹಿಂದಿನ ಬೆಂಚಿನಿಂದ ಬರುವ ಪ್ರಶ್ನೆ ಒಂದೇ: "ಎಷ್ಟು ಪರ್ಸೆಂಟ್ ಮಾರ್ಕ್ಸ್ ಬೇಕು ಮೇಷ್ಟ್ರೇ?"

ಮಾರ್ಕ್ಸ್ ಕೇಳುವುದಿಲ್ಲ ಎಂದರೆ ಅನುಮಾನ ಇನ್ನೂ ಹೆಚ್ಚಾಗುತ್ತದೆ.

ಇಪ್ಪತ್ತೆಂಟು ವರ್ಷದಿಂದ ಮಲೆನಾಡಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಮಕ್ಕಳ ಹೆಸರಿಗೆ ಸರ್ಕಾರದಿಂದ ಬರುವ ಹಣದಲ್ಲಿ ಮೂರು ಬಗೆ ಇದೆ ಎಂಬುದನ್ನು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಮೊದಲನೆಯದು ವಿದ್ಯಾರ್ಥಿ ವೇತನ. ಎಂಟನೆಯ ತರಗತಿಯ ಮಕ್ಕಳು ಪರೀಕ್ಷೆ ಬರೆದು ಪಡೆಯುವ ಎನ್.ಎಂ.ಎಂ.ಎಸ್. ಇಂಥದ್ದು. ವರ್ಷಕ್ಕೆ 12,000 ರೂಪಾಯಿ. ಬಡ ಮನೆಯ ಮಗು ಪಿ.ಯು.ಸಿ. ಮುಗಿಯುವ ತನಕ ಶಾಲೆ ಬಿಡದಿರಲಿ ಎಂಬುದು ಅದರ ಉದ್ದೇಶ. ಎರಡನೆಯದು ಬಹುಮಾನ, ಅದು ಮಾಡಿ ಮುಗಿಸಿದ ಕೆಲಸಕ್ಕೆ ಸಲ್ಲುವ ಮೆಚ್ಚುಗೆ. ಮೂರನೆಯದೇ ಅನುದಾನ. ಅದು ಇನ್ನೂ ಮಾಡದ ಕೆಲಸಕ್ಕೆ ಬರುವ ಹಣ. ಮಗುವಿನ ಹೆಸರಿನಲ್ಲಿ ಬಂದರೂ ಅದು ಮಗುವಿನದಲ್ಲ, ಮಗು ಕೇಳಿದ ಪ್ರಶ್ನೆಯದು. ಈ ಒಂದು ವ್ಯತ್ಯಾಸ ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನಡೆಸುವ ಇನ್‌ಸ್ಪೈರ್ ಅವಾರ್ಡ್-ಮಾನಕ್ ಎಂಬ ಯೋಜನೆಯಲ್ಲಿ ಆರನೆಯ ತರಗತಿಯಿಂದ ಮೇಲಿನ ಮಕ್ಕಳು ತಮಗೆ ಹೊಳೆದ ಹೊಸ ವಿಚಾರವನ್ನು ಬರೆದುಕೊಡಬಹುದು. ಶಾಲೆಯ ಮುಖ್ಯೋಪಾಧ್ಯಾಯರು ಅದನ್ನು ಕಂಪ್ಯೂಟರಿನ ಮೂಲಕ ಕಳುಹಿಸುತ್ತಾರೆ. ಆಯ್ಕೆಯಾದರೆ ಮಗುವಿನ ಬ್ಯಾಂಕ್ ಖಾತೆಗೆ ನೇರವಾಗಿ 10,000 ರೂಪಾಯಿ ಬರುತ್ತದೆ. ಆ ಹಣದಲ್ಲಿ ಮಾದರಿ ತಯಾರಿಸಿ ಜಿಲ್ಲಾ ಪ್ರದರ್ಶನಕ್ಕೆ ತರಬೇಕು. ಅಲ್ಲಿಂದ ರಾಜ್ಯಕ್ಕೆ, ರಾಷ್ಟ್ರಕ್ಕೆ ಮೆಟ್ಟಿಲುಗಳಿವೆ. ಹೆಸರಿನಲ್ಲಿ 'ಅವಾರ್ಡ್' ಎಂದಿರುವುದೇ ಅರ್ಧ ಗೊಂದಲಕ್ಕೆ ಕಾರಣ. ಊರಿನವರು ಬಹುಮಾನ ಬಂತೆಂದು ತಿಳಿಯುತ್ತಾರೆ. ನಿಜವಾಗಿ ಬಂದದ್ದು ಕೆಲಸ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಈ ಹಣ ಬಂತು. ಅವಳ ಮನೆಗೆ ಅರ್ಧ ಎಕರೆ ಅಡಿಕೆ ತೋಟ. ಉದುರಿದ ಹಣ್ಣಡಿಕೆ ಹೆಕ್ಕುವುದು ಅಜ್ಜಿಯ ಕೆಲಸ. ಬಗ್ಗಿ ಬಗ್ಗಿ ಸಂಜೆಯ ಹೊತ್ತಿಗೆ ಅಜ್ಜಿಗೆ ಸೊಂಟ ನೆಟ್ಟಗೆ ಮಾಡಲಾಗುತ್ತಿರಲಿಲ್ಲ. ನಿಂತಲ್ಲಿಂದಲೇ ಅಡಿಕೆ ಹೆಕ್ಕುವ ಕೋಲೊಂದು ಬೇಕೆಂಬುದು ಹುಡುಗಿಯ ವಿಚಾರ. ಕೋಲಿನ ತುದಿಗೆ ತಂತಿಯ ಪುಟ್ಟ ಬುಟ್ಟಿ. ಅಡಿಕೆಯ ಮೇಲೆ ಒತ್ತಿದರೆ ತಂತಿಗಳು ಸರಿದು ಅಡಿಕೆ ಒಳಗೆ ಸೇರಬೇಕು, ಆಮೇಲೆ ಹೊರಗೆ ಬೀಳಬಾರದು.

ಹಣ ಜಮಾ ಆದ ವಾರದಲ್ಲೇ ಅವಳ ಅಪ್ಪ ಶಾಲೆಗೆ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ಸೊಸೈಟಿ ಕಂತು ಕಟ್ಟೋಕೆ ಇನ್ನು ನಾಲ್ಕೇ ದಿನ ಇದೆ. ಈ ದುಡ್ಡು ಈಗ ಅಲ್ಲಿಗೆ ಕಟ್ಟಿ, ಕೊಯ್ಲಾದ ಮೇಲೆ ಮಗಳ ಖಾತೆಗೆ ಹಾಕಿಬಿಡ್ತೀನಿ. ಆಗಬಹುದಾ?" ಎಂದು ಕೇಳಿದರು. ಕದ್ದುಮುಚ್ಚಿ ತೆಗೆಯಬಹುದಾಗಿದ್ದ ಹಣಕ್ಕೆ ಅವರು ಅನುಮತಿ ಕೇಳಲು ಬಂದಿದ್ದರು. ಆ ಮನುಷ್ಯನ ಮರ್ಯಾದೆ ದೊಡ್ಡದು. ಅವರಿಗೆ ನಿಯಮ ಓದಿ ಹೇಳುವುದು ನನಗೆ ಸರಿ ಕಾಣಲಿಲ್ಲ. ಮಗಳು ಅರ್ಜಿಗೆ ಬರೆದಿದ್ದ ಅರ್ಧ ಪುಟದ ಪ್ರತಿ ಕಪಾಟಿನಲ್ಲಿತ್ತು. ತೆಗೆದು ಕೈಗೆ ಕೊಟ್ಟೆ. ನಿಧಾನವಾಗಿ ಓದಿದರು. ಓದಿ ಮುಗಿಸಿ, "ಅವ್ವನ ಸೊಂಟದ ವಿಷಯ ಇವಳು ಸರ್ಕಾರಕ್ಕೆ ಬರೆದಿದ್ದಾಳಾ?" ಎಂದರು.

"ಅದನ್ನು ಓದಿಯೇ ಕೊಟ್ಟಿದ್ದಾರೆ" ಎಂದೆ.

ಕಂತಿಗೆ ಬೇರೆ ದಾರಿ ನೋಡಿಕೊಂಡರು. ಯಾವುದೆಂದು ನಾನು ಕೇಳಲಿಲ್ಲ. ಮರುವಾರ ವೆಲ್ಡಿಂಗ್ ಅಂಗಡಿಗೆ ಮಗಳನ್ನು ಕರೆದುಕೊಂಡು ಹೋದವರು ಅವರೇ.

ಆ ಹುಡುಗಿಯ ಖರ್ಚಿನ ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತೆಳು ತಂತಿಯ ಬುಟ್ಟಿ ಎರಡೇ ದಿನದಲ್ಲಿ ಸೊಟ್ಟಗಾಯಿತು. ದಪ್ಪ ತಂತಿ ಸರಿಯಲೇ ಇಲ್ಲ. ಕೊನೆಗೆ ಮುರಿದ ಛತ್ರಿಗಳ ಕಡ್ಡಿ ಒದಗಿಬಂತು; ಮಳೆನಾಡಿನಲ್ಲಿ ಅದಕ್ಕೇನು ಬರ! ಪ್ರತಿ ಸಲದ ಖರ್ಚಿನ ಎದುರಿಗೆ ಏಕೆ ಕೆಟ್ಟಿತು ಎಂದು ಒಂದು ಸಾಲು ಬರೆದಿದ್ದಳು. ಕೈಯಿಂದ ಹತ್ತು ನಿಮಿಷಕ್ಕೆ 62 ಅಡಿಕೆ, ಕೋಲಿನಿಂದ 41 ಎಂಬ ಲೆಕ್ಕವನ್ನೂ ಚಾರ್ಟಿನ ಮೇಲೆ ಮುಚ್ಚಿಡದೆ ಹಾಕಿದಳು. ಕೋಲು ನಿಧಾನ, ಆದರೆ ಅಜ್ಜಿ ಅದನ್ನು ಹಿಡಿದು ಹೆಚ್ಚು ಹೊತ್ತು ಕೆಲಸ ಮಾಡಬಲ್ಲಳು ಎಂಬುದು ಅವಳ ವಾದ. ಜಿಲ್ಲೆಯಿಂದ ಮುಂದಕ್ಕೆ ಆಯ್ಕೆಯಾಗಲಿಲ್ಲ. ಆದರೆ ತನಗೆ ಪ್ರತಿಕೂಲವಾದ ಅಂಕಿಯನ್ನು ತಾನೇ ಬರೆಯುವುದನ್ನು ಹದಿಮೂರರ ವಯಸ್ಸಿನಲ್ಲಿ ಕಲಿತಳು. ಸಂಶೋಧನೆ ಎಂದರೆ ಬಹುಪಾಲು ಇದೇ.

ಅದೇ ಪ್ರದರ್ಶನದಲ್ಲಿ ಥರ್ಮೋಕೋಲಿನ ಜ್ವಾಲಾಮುಖಿಗಳೂ ಇದ್ದವು. ಪೇಟೆಯಲ್ಲಿ ಸಿದ್ಧ ಮಾದರಿ ಮಾರುವ ಅಂಗಡಿಗಳಿವೆ. ಬೆಲೆ ಕೊಟ್ಟರೆ ವಿವರಣೆಯ ಚೀಟಿಯೂ ಸಿಗುತ್ತದೆ. ಪೋಷಕರೇ, ದಯವಿಟ್ಟು ಆ ಅಂಗಡಿಯ ಮೆಟ್ಟಿಲು ಹತ್ತಬೇಡಿ. ಅಲ್ಲಿ ಕಳೆದುಹೋಗುವುದು ಹತ್ತು ಸಾವಿರ ಮಾತ್ರವಲ್ಲ. ಉತ್ತರವನ್ನು ಕೊಂಡುಕೊಳ್ಳಬಹುದು ಎಂದು ಮಗು ಕಲಿತುಬಿಡುತ್ತದೆ.

ಇಷ್ಟು ಸಣ್ಣ ಪ್ರಶ್ನೆಗಳಿಗೆ ಸರ್ಕಾರದ ಹಣವೇಕೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಮಲೆನಾಡಿಗರು ಈ ಮಾತು ಆಡಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಪೀತಜ್ವರ ಭಾರತಕ್ಕೂ ಬಂತೇ ಎಂಬ ಭಯ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಬೇರೆಯೇ ವೈರಸ್, ಕಾಡಿನ ಉಣುಗುಗಳಿಂದ ಹರಡುತ್ತದೆ ಎಂದು ಪತ್ತೆ ಹಚ್ಚಿದರು. ಜಗತ್ತಿನ ವೈದ್ಯ ಗ್ರಂಥಗಳಲ್ಲಿ ಅದಕ್ಕೆ ಇಂದಿಗೂ ಕ್ಯಾಸನೂರಿನದೇ ಹೆಸರು. ನಮಗೆ ಅದು ಮಂಗನ ಕಾಯಿಲೆ. ಆ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ (ಐ.ಸಿ.ಎಂ.ಆರ್.) ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಸ್ಥಾಪಿಸಿದ್ದವು. ಹಣ ಮಂಜೂರು ಮಾಡುವಾಗ ಕ್ಯಾಸನೂರಿನ ಹೆಸರು ಯಾರ ಕಡತದಲ್ಲೂ ಇರಲಿಲ್ಲ. ಐದು ವರ್ಷ ಮೊದಲು ಖರ್ಚು ಮಾಡಿದ್ದರಿಂದಲೇ ಬೇಕಾದ ದಿನ ತಿಳಿದವರು ಸಿಕ್ಕಿದರು.

ಇನ್ನೊಂದು ಉದಾಹರಣೆ ಮದರಾಸಿನದು. 1956ರಲ್ಲಿ ಐ.ಸಿ.ಎಂ.ಆರ್., ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಮಂಡಳಿ ಸೇರಿ ಕ್ಷಯರೋಗದ ಕೇಂದ್ರವೊಂದನ್ನು ತೆರೆದವು. ಅವರ ಪ್ರಶ್ನೆ ನಮ್ಮ ಮನೆಯ ಹಿರಿಯರು ಕೇಳುವಂಥದ್ದೇ: ಸ್ಯಾನಟೋರಿಯಂನಲ್ಲಿ ಹಾಸಿಗೆ ಇಲ್ಲದಿದ್ದರೆ ಮನೆಯಲ್ಲೇ ಮದ್ದು ಕೊಟ್ಟರೆ ಆಗುವುದಿಲ್ಲವೇ? ಆಗುತ್ತದೆ, ಗುಣವೂ ಹೆಚ್ಚು ಕಡಿಮೆ ಅಷ್ಟೇ ಎಂದು 1959ರಲ್ಲಿ ಪ್ರಕಟವಾದ ವರದಿ ತೋರಿಸಿತು. ಬಡವರ ದೇಶಗಳಲ್ಲಿ ಕ್ಷಯದ ಚಿಕಿತ್ಸೆಯ ರೀತಿಯೇ ಬದಲಾಯಿತು.

1911ರಲ್ಲಿ ಬೇರೆ ಹೆಸರಿನಿಂದ ಹುಟ್ಟಿ 1949ರಲ್ಲಿ ಈಗಿನ ಹೆಸರು ಪಡೆದ ಇದೇ ಐ.ಸಿ.ಎಂ.ಆರ್. ಇಂದು ವೈದ್ಯ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿದೆ. ಎಂ.ಬಿ.ಬಿ.ಎಸ್. ಮತ್ತು ಬಿ.ಡಿ.ಎಸ್. ಓದುವವರಿಗಾಗಿ 1979ರಿಂದ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ಯೋಜನೆ ಇದೆ. ಅದಕ್ಕೀಗ 50,000 ರೂಪಾಯಿ. ಒಂದು ಸ್ವಾರಸ್ಯ ಗಮನಿಸಿ: ಎಂಟನೆಯ ತರಗತಿಯ ಹುಡುಗಿಗೆ ಹಣ ಮೊದಲೇ ಬರುತ್ತದೆ, ಭಾವಿ ವೈದ್ಯರಿಗೆ ವರದಿ ಒಪ್ಪಿಗೆಯಾದ ಮೇಲೆ ಬರುತ್ತದೆ. ರೋಗಿಗಳ ಮೇಲಿನ ಅಧ್ಯಯನವಾದರೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಮೂಲವಿಜ್ಞಾನದಲ್ಲಿ ಬಿ.ಎಸ್ಸಿ. ಓದುವವರಿಗೆ ಇನ್‌ಸ್ಪೈರ್‌ನ ಉನ್ನತ ಶಿಕ್ಷಣ ವೇತನ ವರ್ಷಕ್ಕೆ 80,000. ಅದರಲ್ಲಿ 20,000 ಬೇಸಿಗೆಯ ಸಂಶೋಧನೆಗೆಂದೇ ಮೀಸಲು. ಮುಂದೆ ನೆಟ್ ಪರೀಕ್ಷೆ ದಾಟಿ ಸಂಶೋಧನೆಗೆ ಸೇರಿದರೆ ಜೂನಿಯರ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000. ಹಳೆಯ ಪಟ್ಟಿ ಹಿಡಿದು ಎನ್.ಟಿ.ಎಸ್.ಇ., ಕೆ.ವಿ.ಪಿ.ವೈ. ಎಂದು ವಿಚಾರಿಸುವವರು ಇನ್ನೂ ಇದ್ದಾರೆ. ಮೊದಲನೆಯದು 2021ರ ನಂತರ ನಡೆದಿಲ್ಲ. ಎರಡನೆಯದು 2022ರಲ್ಲಿ ಇನ್‌ಸ್ಪೈರ್‌ನೊಳಗೆ ಸೇರಿತು. ನಿಯಮ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು.

ಇಷ್ಟೆಲ್ಲ ಅರ್ಜಿಗಳ ಒಳಗೆ ಕೇಳುವುದು ನಾಲ್ಕೇ ಮಾತು. ನಿನಗೆ ತಿಳಿಯದ್ದು ಯಾವುದು? ಹೇಗೆ ತಿಳಿಯುವೆ? ಎಷ್ಟು ಖರ್ಚು, ಏಕೆ? ತಿಳಿದರೆ ಯಾರಿಗೆ ಉಪಯೋಗ? ದೊಡ್ಡ ವಿಜ್ಞಾನಿ ನೂರು ಪುಟದಲ್ಲಿ ಬರೆಯುವುದೂ ಇದನ್ನೇ, ನನ್ನ ವಿದ್ಯಾರ್ಥಿನಿ ಅರ್ಧ ಪುಟದಲ್ಲಿ ಬರೆದದ್ದೂ ಇದನ್ನೇ. ಮೊದಲನೆಯದು ತಕ್ಕಮಟ್ಟಿಗೆ ಚಿಕ್ಕದಾಗಿರಬೇಕು. 'ಕ್ಯಾನ್ಸರ್ ಹೋಗಲಾಡಿಸುವುದು' ಪ್ರಶ್ನೆಯಲ್ಲ, ಆಸೆ. 'ನಮ್ಮ ತರಗತಿಯಲ್ಲಿ ವಾರದ ಕಬ್ಬಿಣಾಂಶದ ಮಾತ್ರೆಯನ್ನು ನುಂಗದೆ ಎಸೆಯುವವರು ಎಷ್ಟು ಮಂದಿ, ಏಕೆ' ಎಂಬುದು ಪ್ರಶ್ನೆ. ಅದಕ್ಕೆ ಒಂದು ತಿಂಗಳಲ್ಲಿ ಉತ್ತರ ಸಿಗುತ್ತದೆ.

ವಿದ್ಯಾರ್ಥಿಗಳೇ, ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಎಡಗಡೆ ದಿನಕ್ಕೊಂದು ಪ್ರಶ್ನೆ, ಬಲಗಡೆ ಅದನ್ನು ಪರೀಕ್ಷಿಸಲು ಬೇಕಾಗುವ ಸಾಮಾನು ಮತ್ತು ಬೆಲೆ ಬರೆಯಿರಿ. ಪೋಷಕರೇ, ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಲಿ. ಖಾತೆಯಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಹೆಸರಿನ ಅಕ್ಷರ ಒಂದೇ ಆಗಿರಲಿ. ಹಣ ಬರಲಿ ಬಾರದಿರಲಿ, ನೋಟ್‌ಬುಕ್ಕಿನ ಎಡಗಡೆಯ ಪುಟ ತುಂಬುತ್ತಿರಬೇಕು. ಅದು ಖಾಲಿಯಾಗಿದ್ದರೆ ಯಾವ ಸರ್ಕಾರ ತಾನೇ ಯಾವುದಕ್ಕೆಂದು ಹಣ ಕೊಟ್ಟೀತು?