ಮಾಳಿಗೆಯ ಮೇಲಿನ ಹಾಯಿದೋಣಿ

ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ ವಾಸಿಸುವ ಬೆಂಗಳೂರಿಗರಿಗೆ ಕಡಲೆಂಬುದು ರಜೆಯಲ್ಲಿ ನೋಡಿಬರುವ ವಸ್ತು. ಅದರಲ್ಲಿಯೂ ರವೀಂದ್ರನಾಥ ಟಾಗೋರರ ಹೆಸರನ್ನು ಹೊತ್ತು, ಆ ಹೆಸರನ್ನೇ ಎರಡಕ್ಷರಕ್ಕೆ ಮೊಟಕುಗೊಳಿಸಿಕೊಂಡ ಆರ್.ಟಿ. ನಗರದಲ್ಲಿ ನೀರೆಂದರೆ ನಲ್ಲಿಯ ನೀರು. ತಪ್ಪಿದರೆ ಟ್ಯಾಂಕರಿನ ನೀರು. ತೀರ ರಸಿಕರಿಗೆ ಸಂಜೆಯ ಹೊತ್ತಿನ ಹೆಬ್ಬಾಳದ ಕೆರೆ. ಇಂತಹ ಬಡಾವಣೆಯ ಮನೆಯೊಂದರಲ್ಲಿ ಎರಡು ತಿಂಗಳ ಕಾಲ ಹಾಯಿದೋಣಿಯ ಹೊರತು ಅನ್ಯ ಪ್ರಸ್ತಾಪವೇ ಇರಲಿಲ್ಲವೆಂದರೆ ನೆರೆಹೊರೆಯವರು ನಂಬಲಿಲ್ಲ. ನಂಬಿದವರು ಮೇಷ್ಟರ ಆರೋಗ್ಯವನ್ನು ವಿಚಾರಿಸಿಕೊಂಡು ಹೋದರು.

ಮೇಷ್ಟರು ಹೈಸ್ಕೂಲಿನಲ್ಲಿ ಭೂಗೋಳವನ್ನು ಕಲಿಸಿ ನಿವೃತ್ತರಾದವರು. ವಾಣಿಜ್ಯ ಮಾರುತಗಳು ಯಾವ ದಿಕ್ಕಿನಿಂದ ಬೀಸುತ್ತವೆ, ಉಬ್ಬರವಿಳಿತಗಳಿಗೆ ಚಂದ್ರನು ಹೇಗೆ ಕಾರಣ ಎಂಬುದನ್ನು ಕಪ್ಪುಹಲಗೆಯ ಮೇಲೆ ಸಾವಿರ ಬಾರಿ ಬರೆದು ಅಳಿಸಿದ್ದರು. ಗೋಕರ್ಣದಲ್ಲಿ ಮೊಣಕಾಲುದ್ದದ ನೀರಿಗಿಂತ ಮುಂದೆ ಮಾತ್ರ ಹೋದವರಲ್ಲ. ಅವರ ಮಗ ಇಂಗ್ಲೆಂಡಿನ ತೆಂಕಣ ಕರಾವಳಿಯ ಸೌಥಾಂಪ್ಟನ್ನಿನಲ್ಲಿ ಉದ್ಯೋಗದಲ್ಲಿದ್ದು, ಅಲ್ಲಿಯವರಂತೆಯೇ ಒಂದು ಹಾಯಿದೋಣಿಯನ್ನು ಕೊಳ್ಳುವ ಹಂಬಲಕ್ಕೆ ಬಿದ್ದಿದ್ದ. ಒಳಗೆ ಮಲಗುವುದಕ್ಕೆ, ಅಡುಗೆ ಮಾಡುವುದಕ್ಕೆ ಅನುಕೂಲವಿರುವ ದೋಣಿ; ಹೆಂಡತಿ, ಇಬ್ಬರು ಮಕ್ಕಳೊಡನೆ ಬೇಸಗೆಯ ರಜೆಯನ್ನು ಬಂದರಿನಿಂದ ಬಂದರಿಗೆ ಕಳೆಯಬಹುದಾದದ್ದು. ಹೊಸದಕ್ಕೆ ಮನೆಯ ಬೆಲೆ. ಹಳೆಯದು ಹಳೆಯ ಕಾರಿನ ಬೆಲೆಗೂ ದೊರೆಯುವುದುಂಟು.

ಹಳೆಯದೆಂಬ ಮಾತಿಗೆ ಮೇಷ್ಟರ ಪತ್ನಿ ಮುಖ ಗಂಟಿಕ್ಕಿದರು. ಮೇಷ್ಟರು ಆಗಲೇ ಓದಿಕೊಂಡಿದ್ದರು. ಮರದ ದೋಣಿ ಕೊಳೆಯುತ್ತದೆ. ಗಾಜಿನ ನಾರನ್ನು ರಾಳದಲ್ಲಿ ಹೆಪ್ಪುಗಟ್ಟಿಸಿ ಮಾಡಿದ ಒಡಲು ಐವತ್ತು ವರ್ಷ ಕಳೆದರೂ ಗಟ್ಟಿಯಾಗಿರಬಲ್ಲದು. ನಿದರ್ಶನ ಬೇಕೆ? 1985ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟು 1987ರ ಜನವರಿಯಲ್ಲಿ ಮರಳಿ ಬಂದು, ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯ ಹಾಯಿದೋಣಿಯೆನಿಸಿದ ‘ತೃಷ್ಣಾ’ 37 ಅಡಿಯದು. ನಮ್ಮ ಸೈನ್ಯದ ಎಂಜಿನಿಯರುಗಳ ದಳ ಇಂಗ್ಲೆಂಡಿನಲ್ಲಿ ಕೊಂಡ ಹಳೆಯ ದೋಣಿ!

“ಅದರಲ್ಲಿ ಮಕ್ಕಳಿದ್ದುವೆ?” ಎಂದು ಆಕೆ ಕೇಳಿದರು.

ಇರಲಿಲ್ಲ. ಮೇಷ್ಟರು ಕನ್ನಡಕವನ್ನು ಒರೆಸಿಕೊಂಡರು.

ಮಗ ಎರಡು ದೋಣಿಗಳ ಚಿತ್ರಗಳನ್ನು ಕಳುಹಿಸಿದ್ದ. ಮೊದಲನೆಯದು 31 ಅಡಿಯ ಅಂದಗಾತಿ. ಚುಕ್ಕಾಣಿ ಹಿಡಿದವನು ಕೂರುವ ಕುಳಿ ನಟ್ಟನಡುವೆ. ಅದರ ಹಿಂದೆ ದಂಪತಿಗಳಿಗೊಂದು ಪ್ರತ್ಯೇಕ ಕೋಣೆ. ಮುಂದೆ ವಿಶಾಲವಾದ ಹಜಾರ, ಮಕ್ಕಳ ಹಾಸಿಗೆಗಳು. ಎರಡನೆಯದು ‘ವೆಸ್ಟರ್ಲಿ ಸೆಂಟಾರ್’ ಎಂಬ ಜಾತಿಯ 26 ಅಡಿಯ ಗಿಡ್ಡ ದೋಣಿ. 1969ರಿಂದ 1980ರವರೆಗೆ ಸುಮಾರು 2,400ರಷ್ಟು ಕಟ್ಟಲ್ಪಟ್ಟ ಈ ದೋಣಿಗಳು ಆ ದೇಶದ ಎಷ್ಟೋ ಮಧ್ಯಮವರ್ಗದ ಸಂಸಾರಗಳಿಗೆ ಕಡಲಿನ ರುಚಿ ಹತ್ತಿಸಿದವು. ತಳದಲ್ಲಿ ಒಂದರ ಬದಲು ಎರಡು ರೆಕ್ಕೆಗಳಿರುವುದರಿಂದ, ನೀರು ಇಳಿದಾಗ ಕೆಸರಿನ ಮೇಲೆ ಎಮ್ಮೆಯಂತೆ ನೆಟ್ಟಗೆ ನಿಲ್ಲುತ್ತದೆ. ರೂಪಕ್ಕೆ ಮರುಳಾಗುವವರು ಇದರ ಕಡೆಗೆ ತಿರುಗಿ ನೋಡಲಾರರು. ಮಗನ ಮನಸ್ಸು ಮೊದಲನೆಯದರ ಮೇಲಿತ್ತು, ಮೇಷ್ಟರದೂ ಅಲ್ಲಿಯೇ. ಸೊಸೆ ಪರದೆಯ ಮೂಲೆಯಲ್ಲಿ ಕುಳಿತು, “ಅವರು ಹೇಗೆ ಹೇಳಿದರೆ ಹಾಗೆ ಅತ್ತೆ” ಎಂದಷ್ಟೇ ನುಡಿದಳು. ಅಡುಗೆಮನೆಯ ಡಬ್ಬಿಗಳ ವಿಷಯಕ್ಕೆ ಅರ್ಧ ಗಂಟೆ ವಾದಿಸಬಲ್ಲ ಹುಡುಗಿ ಆಕೆ. ಆ ಸೌಮ್ಯತೆ ಅತ್ತೆಗೆ ಸರಿಕಾಣಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟರು ಸೀಮೆಸುಣ್ಣ, ಅಳತೆಯ ಟೇಪುಗಳೊಡನೆ ಮಾಳಿಗೆಯನ್ನೇರಿದರು. ಒಗೆದ ಬಟ್ಟೆಯ ಹಗ್ಗದ ಕೆಳಗೆ ಎರಡು ದೋಣಿಗಳೂ ನಿಜವಾದ ಅಳತೆಯಲ್ಲಿ ಮೂಡಿದವು. ಸೆಂಟಾರ್ ನೀರಿನ ತೊಟ್ಟಿಯಿಂದ ಮೆಟ್ಟಿಲಿನವರೆಗೆ ಬಂತು. ಅಗಲ ಎಂಟೂವರೆ ಅಡಿಗೆ ಒಂದಂಗುಲ ಕಡಿಮೆ. ಅಂದಗಾತಿಗೆ ಹೂಕುಂಡಗಳನ್ನು ಸರಿಸಬೇಕಾಯಿತು.

ಮನೆಯಾಕೆ ಕೈಯಲ್ಲಿ ಬಾಣಲೆಯನ್ನು ಹಿಡಿದು ಗೆರೆಗಳೊಳಗೆ ಕಾಲಿಟ್ಟರು. ಬಾಡಿಗೆಯ ಮನೆಗಳನ್ನು ಆರು ಬಾರಿ ಬದಲಿಸಿದ ಅನುಭವ ಅವರದು. ಬಾಗಿಲನ್ನು ದಾಟಿದೊಡನೆಯೇ ಬಚ್ಚಲು ಎತ್ತ, ಬೆಳಕು ಎತ್ತ ಎಂದು ಹೇಳಬಲ್ಲವರು. ಅವರ ಮೊದಲ ಪ್ರಶ್ನೆ ಮಂಚದ್ದು. ಮೂತಿಯ ಕಡೆಯ ತ್ರಿಕೋನದ ಹಾಸಿಗೆ ಚಿತ್ರದಲ್ಲಿ ಅರಮನೆಯ ಶಯ್ಯೆಯಂತಿದೆ. ಓಡುವಾಗ ಅಲ್ಲಿ ನಿದ್ರೆ ಬರುತ್ತದೆಯೆ? ಯಶವಂತಪುರದಲ್ಲಿ ರೈಲು ಹತ್ತುವಾಗ ಆಕೆ ಗಾಲಿಯ ಮೇಲಿನ ಬರ್ತನ್ನು ಬಿಟ್ಟು ಡಬ್ಬಿಯ ನಡುವಿನದನ್ನೇ ಬಯಸುವವರು. ದೋಣಿಯಲ್ಲಿಯೂ ನ್ಯಾಯ ಅದೇ ಎಂದು ಮೇಷ್ಟರು ಒಪ್ಪಿಕೊಳ್ಳಬೇಕಾಯಿತು. ಅಲೆಗೆ ಮೂತಿ ಏರಿಳಿಯುತ್ತದೆ, ನಡು ಅಷ್ಟಾಗಿ ಕುಲುಕುವುದಿಲ್ಲ. ಮೂತಿಯ ಹಾಸಿಗೆ ಲಂಗರು ಹಾಕಿದ ರಾತ್ರಿಗಳಿಗೆ ಮಾತ್ರ. ಸಾಗುವಾಗ ಮಗು ಮಲಗಬೇಕಾದದ್ದು ನಡುವಿನ ಕಿರಿದಾದ ಮಂಚದಲ್ಲಿ. ಉರುಳದಂತೆ ಬದಿಗೆ ಬಟ್ಟೆಯ ತಡೆಯನ್ನು ಬಿಗಿಯುತ್ತಾರೆ. “ಸೀರೆಯ ತೊಟ್ಟಿಲು” ಎಂದು ಆಕೆ ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡರು.

ಬಳಿಕ ಅಡುಗೆಯ ಮನೆ. ಗಾಳಿ ಹಿಡಿದ ಹಾಯಿದೋಣಿ 15–20 ಡಿಗ್ರಿ ಓರೆಯಾಗಿ ಗಂಟೆಗಟ್ಟಲೆ ಸಾಗುತ್ತದೆ. ಮೇಷ್ಟರು ಹಲಗೆಯೊಂದರ ತುದಿಗೆ ಇಟ್ಟಿಗೆಗಳನ್ನಿಟ್ಟು ಪತ್ನಿಯನ್ನು ಅದರ ಮೇಲೆ ನಿಲ್ಲಿಸಿದರು. ಬಾಣಲೆಯೊಡನೆ ಆಕೆ ಜಾರಿ ಹೂಕುಂಡಕ್ಕೆ ತಾಗಿದರು. ಅಂದಗಾತಿಯ ವಿಶಾಲವಾದ ಹಜಾರ ಬೀಳುವುದಕ್ಕೆ ಒದಗಿಸಿದ ಜಾಗವೆಂಬುದು ಆಗ ತಿಳಿಯಿತು. ಸೊಂಟವನ್ನು ಒತ್ತಿ ನಿಲ್ಲುವಷ್ಟು ಇಕ್ಕಟ್ಟಾದ ಮೂಲೆ, ಬಾಗಿದರೂ ತಾನು ಮಟ್ಟವಾಗಿಯೇ ಇರುವಂತೆ ತೂಗುಬಿಟ್ಟ ಒಲೆ, ಪಾತ್ರೆ ಜಾರದ ಅಂಚು: ಕಡಲಿನ ಅಡುಗೆಗೆ ಇವು ಬೇಕು. ಗ್ಯಾಸಿನ ವಿಷಯವಂತೂ ಮೇಷ್ಟರಿಗೇ ನಡುಕ ತಂದಿತ್ತು. ಅದು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಿಂದಾದರೂ ಹೊರಗೆ ಹರಿದೀತು. ದೋಣಿಯಲ್ಲಿ ತಳಕ್ಕಿಳಿದು ತುಂಬಿಕೊಂಡು ಒಂದು ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ಸಿಲಿಂಡರನ್ನು ಹೊರಕ್ಕೆ ಕಂಡಿಯಿರುವ ಬೇರೆಯೇ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹಳೆಯ ದೋಣಿಯಲ್ಲಿ ಆ ಪೆಟ್ಟಿಗೆಯನ್ನೂ ರಬ್ಬರಿನ ನಳಿಕೆಯನ್ನೂ ನೋಡದೆ ಹಾಯಿಯ ಬಣ್ಣವನ್ನು ಹೊಗಳುವವನು ಮೂರ್ಖ.

ಆ ಸಂಜೆ ಕರೆ ಬಂದಾಗ ಅತ್ತೆ ಮಗನನ್ನು ಬಿಟ್ಟು ಸೊಸೆಯನ್ನು ಕೇಳಿದರು: “ಮಗು ವಾಂತಿ ಮಾಡಿದರೆ ನೀನು ಎಲ್ಲಿರುತ್ತೀಯೆ? ಅವನೆಲ್ಲಿರುತ್ತಾನೆ?”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಅನಂತರ ಸೊಸೆ ಹೇಳಿದಳು. ಹಿಂದಿನ ಬೇಸಗೆಯಲ್ಲಿ ಸ್ನೇಹಿತರ ದೋಣಿಯಲ್ಲಿ ಹೋಗಿದ್ದರಂತೆ. ಕಿರಿಯ ಮಗು ಕಾಯಿಲೆ ಬಿದ್ದಾಗ ಎರಡು ಗಂಟೆಯ ಕಾಲ ಕೆಳಗಿನ ಕೋಣೆಯಲ್ಲಿ ಅದನ್ನು ತಬ್ಬಿಕೊಂಡು ಒಬ್ಬಳೇ ಕುಳಿತಿದ್ದಳು. ಗಂಡನನ್ನು ಕೂಗಿದಳು; ಗಾಳಿ, ಎಂಜಿನ್ನುಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ದಡಕ್ಕೆ ಬಂದಾಗ ಅವನ ಮುಖದಲ್ಲಿದ್ದ ಸಂತೋಷವನ್ನು ಕಂಡು ಏನನ್ನೂ ಹೇಳಲು ಮನಸ್ಸಾಗಲಿಲ್ಲ. ಮಗ ಇದನ್ನು ಮೊದಲ ಬಾರಿಗೆ ಕೇಳುತ್ತಿದ್ದ. ಅವನು ಪರದೆಯಿಂದ ಎದ್ದು ಹೋದ. ಮರಳಿ ಬಂದಾಗ ಅಂದಗಾತಿಯ ಹೆಸರನ್ನು ಎತ್ತಲಿಲ್ಲ.

ಆ ದೋಣಿಯ ಹಿಂದಿನ ಕೋಣೆಗೆ ಹೋಗಲು ಮಳೆಯಲ್ಲಿಯೂ ತೆರೆದ ಕುಳಿಯನ್ನು ದಾಟಿಯೇ ಹೋಗಬೇಕಿತ್ತು. ರಾತ್ರಿ ಮಕ್ಕಳು ಒಂದು ಕಡೆ, ತಾಯಿತಂದೆಗಳು ಇನ್ನೊಂದು ಕಡೆ. ಸೆಂಟಾರ್ ಜಾತಿಯಲ್ಲಿ ಒಳವಿನ್ಯಾಸಗಳು ಒಂದಕ್ಕಿಂತ ಹೆಚ್ಚು. ಮಾರಾಟಕ್ಕಿದ್ದುದರಲ್ಲಿ ಅಡುಗೆಯ ಕಟ್ಟೆ ಮೆಟ್ಟಿಲಿನ ಬುಡದಲ್ಲಿಯೇ ಇತ್ತು. ಅಲ್ಲಿ ನಿಂತವಳಿಗೆ ಚುಕ್ಕಾಣಿ ಹಿಡಿದವನ ಮುಖ ಕಾಣುತ್ತದೆ. ಕೈಚಾಚಿ ಕಾಫಿ ಕೊಡಬಹುದು, ಬೈಯಲೂಬಹುದು.

ಹಾಗೆಂದು ಕೂಡಲೇ ಹಣ ತೆತ್ತು ಕೊಳ್ಳಲಿಲ್ಲ. ಮೊದಲು ಅಂಥದೇ ದೋಣಿಯನ್ನು ನಾಲ್ಕು ದಿನ ಬಾಡಿಗೆಗೆ ಪಡೆದು, ಮಕ್ಕಳಿಗೆ ತೇಲುವ ಅಂಗಿಯನ್ನು ತೊಡಿಸಿ, ಸೊಸೆಯ ಕೈಗೇ ಚುಕ್ಕಾಣಿ ಕೊಟ್ಟು ನೋಡಿದರು. ಆ ನಾಲ್ಕು ದಿನ ಕೆಳಗಿಳಿದು ಅಡುಗೆ ಮಾಡಿದವನು ಮಗ. ಬಳಿಕ ಕೊಳ್ಳಬೇಕಾದ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ಸರ್ವೇಯರನಿಂದ ಪರೀಕ್ಷೆ ಮಾಡಿಸಿದರು. ಈ ಜಾತಿಗೆ ತಳದ ರೆಕ್ಕೆಗಳು ಒಡಲನ್ನು ಸೇರುವೆಡೆಯೇ ದುರ್ಬಲ ಜಾಗ. ಅದನ್ನು ಹಿಂದಿನವರು ಯಾರೋ ಬಲಪಡಿಸಿದ್ದರು. ಕೂವೆಮರವನ್ನು ಎಳೆದು ನಿಲ್ಲಿಸುವ ತಂತಿಗಳ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಹೊಸ ತಂತಿಗಳ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಂಡರು.

ಆರ್.ಟಿ. ನಗರದಲ್ಲಿ ಮಳೆ ತಡವಾಯಿತು. ಅಂದಗಾತಿಯ ಗೆರೆಗಳ ಮೇಲೆ ಹಪ್ಪಳದ ಚಾಪೆ ಬಿತ್ತು. ಗಿಡ್ಡ ದೋಣಿಯ ಗೆರೆಗಳು ಉಳಿದುವು. ಮೇಷ್ಟರು ಸಂಜೆ ಅಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದರು. ಆಕೆ ಕಾಫಿಯ ಲೋಟದೊಡನೆ ಬರುವಾಗ ನೇರವಾಗಿ ಬಾರದೆ, ಬಾಗಿಲೆಂದು ಗುರುತಿಸಿದ್ದ ಕಡೆಯಿಂದ ಸುತ್ತಿಕೊಂಡು, ಎರಡು ಮೆಟ್ಟಿಲಿಳಿದವರಂತೆ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದರು.